ಬಂದ ದಿನ, ಹೋದ ದಿನ: ವಸಂತದ ವಲಸೆಯಲ್ಲಿ ಪಾರ್ಕಿನ ಹಕ್ಕಿ ನೋಡುವ ಬಗೆ

ಹಕ್ಕಿ ನೋಡಬೇಕೆಂದರೆ ಅಭಯಾರಣ್ಯಕ್ಕೇ ಹೋಗಬೇಕು ಎಂದು ನಂಬಿರುವವರು ಬಹಳ ಮಂದಿ. ವಲಸೆಯ ಕಾಲಕ್ಕೆ ಈ ನಂಬಿಕೆ ಅಷ್ಟಾಗಿ ಒಪ್ಪುವುದಿಲ್ಲ. ರಾತ್ರಿಯಿಡೀ ಹಾರಿ ದಣಿದ ಪುಟ್ಟ ಹಕ್ಕಿಯೊಂದಕ್ಕೆ ನಸುಕಿನಲ್ಲಿ ಕೆಳಗೆ ಕಾಣುವುದು ತಾರಸಿ, ರಸ್ತೆ, ಮತ್ತೆ ತಾರಸಿ. ನಡುವೆ ನಾಲ್ಕು ಎಕರೆಯಷ್ಟು ಹಸಿರು. ಇಳಿಯಲು ಅದಕ್ಕೆ ಬೇರೆ ಜಾಗವೇ ಇಲ್ಲ. ದೊಡ್ಡ ಕಾಡಿನಲ್ಲಿ ಚದುರಿ ಮರೆಯಾಗುವ ಹಕ್ಕಿಗಳು ಊರ ನಡುವಿನ ಪಾರ್ಕಿನಲ್ಲಿ ಒತ್ತೊತ್ತಾಗಿ ಸಿಗುವುದು ಹೀಗೆ. ಅದಕ್ಕೇ ಈ ಬರಹದಲ್ಲಿ ದೂರದ ಪ್ರವಾಸದ ಮಾತಿಲ್ಲ. ಮನೆಯಿಂದ ನಡೆದು ಹೋಗಬಹುದಾದ ಒಂದೇ ಪಾರ್ಕು, ಎರಡೂವರೆ ತಿಂಗಳು, ಒಂದು ನೋಟುಬುಕ್ಕು. ಇಷ್ಟಿದ್ದರೆ ಆರಂಭಿಸಬಹುದು.

ಮೊದಲು: ನಿಮ್ಮಲ್ಲಿ ವಸಂತ ಎಂದರೆ ಬರುವುದೋ, ಹೋಗುವುದೋ?

ಉತ್ತರಾರ್ಧಗೋಳದ ವಸಂತದಲ್ಲಿ ವಲಸೆ ಹಕ್ಕಿಗಳು ಒಟ್ಟಾರೆಯಾಗಿ ಉತ್ತರಕ್ಕೆ ಸಾಗುತ್ತವೆ, ಗೂಡು ಕಟ್ಟುವ ನೆಲದ ಕಡೆಗೆ. ಹಾಗಾಗಿ ಚಳಿ ನಾಡಿನವರಿಗೆ ವಸಂತ ಎಂದರೆ ಆಗಮನ. ಚಳಿಗಾಲವಿಡೀ ಮೂಕವಾಗಿದ್ದ ಮರಗಳಲ್ಲಿ ಒಂದು ಬೆಳಗ್ಗೆ ಹಾಡು ಕೇಳುತ್ತದೆ. ಉಷ್ಣವಲಯದಲ್ಲಿರುವವರಿಗೆ ಅದೇ ವಸಂತ ಬೀಳ್ಕೊಡುಗೆ. ಆರು ತಿಂಗಳು ಇಲ್ಲೇ ಕಾಳು, ಹುಳು ತಿಂದುಕೊಂಡಿದ್ದ ಹಕ್ಕಿಗಳು ಒಂದೊಂದಾಗಿ ಖಾಲಿ ಮಾಡುತ್ತವೆ. ಇವೆರಡರ ನಡುವಿನ ಅಕ್ಷಾಂಶಗಳಲ್ಲಿ ಹಾದುಹೋಗುವ ಹಕ್ಕಿಗಳೂ ಸೇರಿಕೊಳ್ಳುತ್ತವೆ: ಎರಡು ದಿನ ತಂಗಿ, ಮೈಗೆ ಕೊಬ್ಬು ತುಂಬಿಸಿಕೊಂಡು ಮುಂದಕ್ಕೆ ಹೊರಡುವಂಥವು.

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಹೊರಟರೆ ನಿರಾಸೆ ಖಂಡಿತ. ಚಳಿ ನಾಡಿನವರು ಬರೆದ ಮಾರ್ಗದರ್ಶಿಗಳನ್ನು ಓದಿ, ಮೇ ತಿಂಗಳಲ್ಲಿ ಹಕ್ಕಿಗಳ ಮಹಾಪೂರಕ್ಕೆಂದು ನಾನು ಕಾದು ಕುಳಿತಿದ್ದೆ. ನಮ್ಮ ಕಡೆಯ ಹಕ್ಕಿಗಳು ಅಷ್ಟರಲ್ಲಿ ಹೊರಟುಹೋಗಿದ್ದವು. ಸ್ಥೂಲವಾಗಿ ಹೇಳುವುದಾದರೆ, ಉಷ್ಣವಲಯದಲ್ಲಿ ಫೆಬ್ರವರಿ ಕೊನೆಯಿಂದ ಮೇ ಮೊದಲ ವಾರದವರೆಗೆ, ಸಮಶೀತೋಷ್ಣ ನಾಡುಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಓಡಾಟ ಹೆಚ್ಚು.

ಒಂದು ಅನುಕೂಲವಿದೆ. ಈ ತಾರೀಖುಗಳು ವರ್ಷದಿಂದ ವರ್ಷಕ್ಕೆ ಬಹಳ ಜಗ್ಗುವುದಿಲ್ಲ. 1920ರ ದಶಕದಲ್ಲಿ ಕೆನಡಾದಲ್ಲಿ ವಿಲಿಯಂ ರೋವನ್ ಎಂಬ ವಿಜ್ಞಾನಿ ಜುಂಕೊ ಎಂಬ ಸಣ್ಣ ಹಕ್ಕಿಗಳನ್ನು ಕೊರೆಯುವ ಚಳಿಯಲ್ಲೇ ಬಯಲಿನ ಪಂಜರಗಳಲ್ಲಿಟ್ಟು, ವಿದ್ಯುತ್ ದೀಪದಿಂದ ಹಗಲನ್ನು ಮಾತ್ರ ದಿನದಿನಕ್ಕೆ ಉದ್ದ ಮಾಡುತ್ತ ಹೋದರು. ನಡುಚಳಿಗಾಲದಲ್ಲೇ ಹಕ್ಕಿಗಳ ದೇಹ ವಸಂತಕ್ಕೆ ಸಿದ್ಧವಾಯಿತು. ಹಕ್ಕಿ ಎಣಿಸುವುದು ಸೆಕೆಯನ್ನಲ್ಲ, ಬೆಳಕಿನ ಗಂಟೆಗಳನ್ನು ಎಂದು ಇದರಿಂದ ತಿಳಿಯಿತು. ಹವಾಮಾನ ಕೆಲವು ದಿನ ಹಿಂದುಮುಂದು ಮಾಡಬಹುದು, ಅಷ್ಟೆ. ಆದ್ದರಿಂದ ನಿಮ್ಮ ಪಾರ್ಕಿನ ಬಗ್ಗೆ ನೀವೇ ಹೋದ ವರ್ಷ ಬರೆದಿಟ್ಟ ಪುಟಗಳಿಗಿಂತ ಒಳ್ಳೆಯ ಕೈಪಿಡಿ ಬೇರೆಲ್ಲೂ ಸಿಗುವುದಿಲ್ಲ. ಮೊದಲ ವರ್ಷ ಆ ಪುಟಗಳು ಇರುವುದಿಲ್ಲ ಎಂಬುದೇ ತೊಂದರೆ.

ಹೆಜ್ಜೆ 1: ಒಂದೇ ಸುತ್ತು ಆರಿಸಿಕೊಳ್ಳಿ, ಅದನ್ನು ಬದಲಿಸಬೇಡಿ

ವಲಸೆ ಆರಂಭವಾಗುವ ಎರಡು ವಾರ ಮೊದಲೇ ಪಾರ್ಕನ್ನು ಒಮ್ಮೆ ಪೂರ್ತಿ ಅಳೆಯಿರಿ. ನೀರು ಎಲ್ಲಿದೆ, ಹೂಬಿಟ್ಟ ಮರ ಯಾವುದು, ಬೆಳಗಿನ ಮೊದಲ ಬಿಸಿಲು ಎಲ್ಲಿ ಬೀಳುತ್ತದೆ, ಪೊದೆ ದಟ್ಟವಾಗಿರುವುದೆಲ್ಲಿ ಎಂಬುದನ್ನೆಲ್ಲ ಗಮನಿಸಿ, ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಒಂದು ದಾರಿ ಗೊತ್ತುಮಾಡಿಕೊಳ್ಳಿ. ಮುಂದಿನ ಎರಡೂವರೆ ತಿಂಗಳು ಇದೇ ದಾರಿ, ಇದೇ ದಿಕ್ಕು, ಹೆಚ್ಚುಕಡಿಮೆ ಇದೇ ಹೊತ್ತು.

ಇದು ಬೇಸರದ ಕೆಲಸದಂತೆ ಕಾಣುತ್ತದೆ. ಆದರೆ ದಾರಿ ಬದಲಾದರೆ ನಿನ್ನೆಗೂ ಇವತ್ತಿಗೂ ಹೋಲಿಕೆ ತಪ್ಪುತ್ತದೆ. ನಿನ್ನೆ ಏಳಿದ್ದ ಉಲಿಯಕ್ಕಿ (ವಾರ್ಬ್ಲರ್) ಇವತ್ತು ಎರಡಾದರೆ, ಅವು ಹೋದವೋ, ನೀವು ಬೇರೆ ಕಡೆ ನೋಡಿದಿರೋ ಎಂದು ಹೇಳಲು ಬರಬೇಕಲ್ಲ.

ದಾರಿ ಹಾಕುವಾಗ ಒಂದು ಮಾತು ನೆನಪಿರಲಿ: ಪಾರ್ಕಿನ ಅತ್ಯಂತ ಅಂದವಾದ ಭಾಗದಲ್ಲಿ ಹಕ್ಕಿಗಳು ಕಡಿಮೆ. ಕತ್ತರಿಸಿದ ಹುಲ್ಲುಹಾಸು, ಸಾಲಾಗಿ ಜೋಡಿಸಿದ ಕುಂಡಗಳು, ಸುಣ್ಣ ಬಳಿದ ಕಲ್ಲುಗಳ ನಡುವೆ ಹುಳುವಿಗೇನು ಕೆಲಸ? ಹುಳುವಿಲ್ಲದ ಕಡೆ ಹಕ್ಕಿಯೂ ಇಲ್ಲ. ಗುಡಿಸದೆ ಬಿಟ್ಟ ತರಗೆಲೆಯ ಮೂಲೆ, ಗೊಬ್ಬರದ ಗುಂಡಿ, ಸೋರುವ ನಲ್ಲಿಯ ಕೆಳಗಿನ ಕೆಸರು, ಹಿಂದಿನ ಬೇಲಿಗೆ ಹಬ್ಬಿದ ಬಳ್ಳಿ ಮುಂತಾದ ಕಡೆಗಳಲ್ಲಿ ನಿಮ್ಮ ಸುತ್ತು ನಿಧಾನವಾಗಬೇಕು. ನವರಂಗದಂಥ ನೆಲ ಕೆದಕುವ ಹಕ್ಕಿ ಸಿಗುವುದಿದ್ದರೆ ತರಗೆಲೆಯ ಮೇಲೇ ಸಿಗುತ್ತದೆ.

ಹೆಜ್ಜೆ 2: ಊರಿನವುಗಳನ್ನು ಮೊದಲು ಕಲಿಯಿರಿ

ಈ ಹೆಜ್ಜೆಯನ್ನು ಹಾರಿಸಿಕೊಂಡು ಹೋಗುವವರೇ ಹೆಚ್ಚು. ವಲಸೆ ಹಕ್ಕಿಯನ್ನು ಗುರುತಿಸಲು ಸುಲಭದ ದಾರಿ ಎಂದರೆ ಅದು ಊರಿನ ಹಕ್ಕಿಗಳಲ್ಲಿ ಯಾವುದೂ ಅಲ್ಲ ಎಂದು ತಿಳಿಯುವುದು. ಸಾಮಾನ್ಯ ಪಾರ್ಕಿನಲ್ಲಿ ವರ್ಷವಿಡೀ ಇರುವ ಜಾತಿಗಳು ಇಪ್ಪತ್ತೋ ಮೂವತ್ತೋ ಇರಬಹುದು. ಅವುಗಳಲ್ಲಿ ಹತ್ತನ್ನು ಬೆನ್ನ ಕಡೆಯಿಂದ, ನೆರಳಿನಲ್ಲಿ, ಬರೀ ದನಿಯಿಂದ ಗುರುತಿಸುವಷ್ಟು ಪಳಗಿಸಿಕೊಳ್ಳಿ. ಪಿಕಳಾರದ ಮಾತು, ಮಡಿವಾಳದ ಹಾಡು, ಸೂರಕ್ಕಿಯ ಚಿಲಿಪಿಲಿ ಕಿವಿಗೆ ಪರಿಚಯವಾದ ಮೇಲೆ, ಮಾರ್ಚಿನ ಒಂದು ಬೆಳಗ್ಗೆ ಇವುಗಳಲ್ಲಿ ಯಾವುದೂ ಅಲ್ಲದ ಒಂದು ‘ಟಿಕ್’ ಕೇಳಿದಾಗ ನಿಮ್ಮ ಕಾಲು ತಾನಾಗಿ ನಿಲ್ಲುತ್ತದೆ.

ಈ ಎರಡು ವಾರ ಬೈನಾಕ್ಯುಲರ್ ಮನೆಯಲ್ಲೇ ಇದ್ದರೂ ನಷ್ಟವಿಲ್ಲ. ಬರಿಗಣ್ಣಿನಲ್ಲಿ ನೋಡುವವರು ಬಣ್ಣ ಬಿಟ್ಟು ನಡೆ ನೋಡುತ್ತಾರೆ, ಮುಂದೆ ಬಹಳ ಉಪಯೋಗಕ್ಕೆ ಬರುವುದು ಅದೇ.

ಹೆಜ್ಜೆ 3: ಬೈನಾಕ್ಯುಲರ್

ಮೇಲೆ 8×42 ಎಂದು ಬರೆದಿದ್ದರೆ, ಎಂಟು ಪಟ್ಟು ಹತ್ತಿರ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದು ಅರ್ಥ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. ಇಲ್ಲಿ ಸುಮಾರು 5.25 ಮಿಲಿಮೀಟರ್. 10×42ರಲ್ಲಿ ಅದು 4.2ಕ್ಕೆ ಇಳಿಯುತ್ತದೆ. ನಸುಕಿನ ಮಬ್ಬಿನಲ್ಲಿ, ಎಲೆಗಳ ನೆರಳಿನಲ್ಲಿ ಈ ಒಂದು ಮಿಲಿಮೀಟರ್ ಗೊತ್ತಾಗುತ್ತದೆ. ಹತ್ತು ಪಟ್ಟಿನಲ್ಲಿ ಕೈನಡುಕವೂ ಹತ್ತು ಪಟ್ಟು ಕಾಣುತ್ತದೆ, ನೋಟದ ಹರವೂ ಸಾಮಾನ್ಯವಾಗಿ ಕಿರಿದು. ಪಾರ್ಕಿನಲ್ಲಿ ಹಕ್ಕಿ ಇರುವುದು ಹದಿನೈದು ಮೀಟರ್ ದೂರದ ಕೊಂಬೆಯ ಮೇಲೆ, ಕೆರೆಯ ಆಚೆ ದಡದಲ್ಲಲ್ಲ. ಎಂಟು ಪಟ್ಟು ಸಾಕು. ಹಗುರವಾದದ್ದು ಬೇಕಿದ್ದರೆ 8×32 ನೋಡಿ.

ಕೊಂಡವರಲ್ಲಿ ಅರ್ಧಕ್ಕರ್ಧ ಜನ ಅದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಂಡಿರುವುದಿಲ್ಲ ಎಂಬುದು ನನ್ನ ಅನುಮಾನ. ವಿಧಾನ ಸರಳ. ಎರಡು ಕೊಳವೆಗಳನ್ನು ಹಿಗ್ಗಿಸಿ ಕುಗ್ಗಿಸಿ, ಒಂದೇ ವೃತ್ತ ಕಾಣುವಂತೆ ಮಾಡಿ. ಬಲಗಾಜಿನ ಮುಂದೆ ಅಂಗೈ ಹಿಡಿದು, ದೂರದ ಒಂದು ಫಲಕವನ್ನು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರ ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಾಜು ಮುಚ್ಚಿ, ನಡುಚಕ್ರ ಮುಟ್ಟದೆ, ಬಲಗಣ್ಣಿನ ಬಳಿಯ ಉಂಗುರವನ್ನಷ್ಟೇ ತಿರುಗಿಸಿ ಅದೇ ಅಕ್ಷರ ಸ್ಪಷ್ಟವಾಗುವಂತೆ ಮಾಡಿ. ಆ ಉಂಗುರದ ಸ್ಥಾನ ಗುರುತಿಟ್ಟುಕೊಳ್ಳಿ; ಇನ್ನು ಮೇಲೆ ನಡುಚಕ್ರ ಮಾತ್ರ. ಕನ್ನಡಕ ಧರಿಸುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ಇಳಿಸಿಕೊಳ್ಳಬೇಕು.

ಹಕ್ಕಿ ಕಂಡಾಗ ಕತ್ತು ಬಗ್ಗಿಸಿ ಬೈನಾಕ್ಯುಲರ್ ಹುಡುಕಬೇಡಿ. ದೃಷ್ಟಿ ಹಕ್ಕಿಯ ಮೇಲೇ ನೆಟ್ಟಿರಲಿ, ಕೈ ಬೈನಾಕ್ಯುಲರನ್ನು ಕಣ್ಣಿಗೆ ತರಲಿ. ಮನೆಯ ಕಿಟಕಿಯಿಂದ ಎದುರಿನ ಮರದ ಒಂದು ಒಣಗಿದ ಎಲೆಯನ್ನು ಗುರಿ ಮಾಡಿಕೊಂಡು ದಿನಕ್ಕೆ ಇಪ್ಪತ್ತು ಸಲ ಅಭ್ಯಾಸ ಮಾಡಿದರೆ ವಾರದಲ್ಲಿ ಪಳಗುತ್ತದೆ.

ಹೆಜ್ಜೆ 4: ಹೊತ್ತು ಮತ್ತು ಗಾಳಿ

ಉಲಿಯಕ್ಕಿ, ನೊಣಹಿಡುಕ, ಸಿಳ್ಳಾರಗಳಂಥ ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಪ್ರಯಾಣ ಮಾಡುವುದು ರಾತ್ರಿ. ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮೇಲೇಳುತ್ತವೆ, ಬೆಳಗಾಗುವಷ್ಟರಲ್ಲಿ ಇಳಿಯುತ್ತವೆ. ಇಳಿದ ಕೂಡಲೇ ಹಸಿವು. ಹಾಗಾಗಿ ಸೂರ್ಯೋದಯದ ನಂತರದ ಮೂರು ಗಂಟೆಗಳು ನಿಮ್ಮವು. ಬಿಸಿಲು ಮೊದಲು ತಾಗುವ ಮರದ ತುದಿಯಲ್ಲಿ ಹುಳುಗಳು ಮೊದಲು ಚುರುಕಾಗುತ್ತವೆ, ಹಕ್ಕಿಗಳೂ ಅಲ್ಲೇ ಸೇರುತ್ತವೆ. ನೀವು ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಾಗೆಯೇ.

ಹತ್ತು ಗಂಟೆಯ ನಂತರ ಕೊಂಬೆ ಬಿಟ್ಟು ಆಕಾಶ ನೋಡಿ. ಹದ್ದು, ಸೆಳೆವಗಳು ನೆಲ ಕಾದು ಬಿಸಿಗಾಳಿ ಮೇಲೇರುವುದನ್ನು ಕಾಯುತ್ತವೆ. ಅದರ ಮೇಲೆ ಸುತ್ತುತ್ತ ಏರಿ, ರೆಕ್ಕೆ ಬಡಿಯದೆ ಮುಂದಕ್ಕೆ ಜಾರುತ್ತವೆ. ಕವಲುತೋಕೆಗಳು ಹಗಲಿನಲ್ಲೇ, ದಾರಿಯಲ್ಲಿ ಹುಳು ಹಿಡಿಯುತ್ತ ಸಾಗುವಂಥವು.

ಗಾಳಿಯ ಲೆಕ್ಕ ಬರುವಷ್ಟರಲ್ಲಿ ನಿಮಗೆ ಈ ಹುಚ್ಚು ಹಿಡಿದಿರುತ್ತದೆ. ದಕ್ಷಿಣದಿಂದ ಬೀಸುವ ಗಾಳಿ ಉತ್ತರಕ್ಕೆ ಹೋಗುವವರಿಗೆ ಬೆನ್ನ ಹಿಂದಿನ ಕೈ. ಅಂಥ ತಿಳಿರಾತ್ರಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಹೊರಡುತ್ತವೆ. ನಿಮ್ಮ ಪಾರ್ಕಿನವೂ ಹೊರಟುಬಿಡಬಹುದು, ದೂರದವು ಇಳಿಯದೆ ನಿಮ್ಮ ತಲೆಯ ಮೇಲೇ ಹಾದುಹೋಗಬಹುದು. ಆದರೆ ಹಾಗೆ ಹೊರಟವುಗಳಿಗೆ ನಡುರಾತ್ರಿಯ ನಂತರ ಮಳೆಯೋ ಎದುರುಗಾಳಿಯೋ ಸಿಕ್ಕರೆ, ಇದ್ದಲ್ಲೇ ಇಳಿಯಬೇಕಾಗುತ್ತದೆ. ಬೆಳಗಿನ ಜಾವ ಮಳೆ ಬಂದು ನಿಂತ ದಿನ ಕಚೇರಿಗೆ ಸ್ವಲ್ಪ ತಡವಾಗಿಯೇ ಹೋಗಿ.

ರಾತ್ರಿಯ ಪ್ರಯಾಣಿಕರಿಗೆ ದೊಡ್ಡ ಕಂಟಕ ದೀಪ ಮತ್ತು ಗಾಜು. ಮನೆಯ ಹೊರಗಿನ ಬೇಡದ ದೀಪಗಳನ್ನು ಈ ತಿಂಗಳುಗಳಲ್ಲಾದರೂ ಆರಿಸಿಡಿ. ದೊಡ್ಡ ಕಿಟಕಿಗಳಿಗೆ ಹೊರಗಿನಿಂದ ಐದು ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸಿದರೆ, ಗಾಜಿನಲ್ಲಿ ಕಾಣುವ ಮರವನ್ನು ನಿಜವೆಂದು ನಂಬಿ ಡಿಕ್ಕಿ ಹೊಡೆಯುವುದು ಬಹಳಷ್ಟು ತಪ್ಪುತ್ತದೆ.

ಹೆಜ್ಜೆ 5: ಹತ್ತು ಸೆಕೆಂಡು ಸಿಕ್ಕರೆ ಏನು ನೋಡಬೇಕು?

ಹೊಸಬರು ಬಣ್ಣಕ್ಕೆ ಕೈ ಹಾಕುತ್ತಾರೆ. ಬಣ್ಣ ಬೆಳಕಿನೊಂದಿಗೆ ಬದಲಾಗುತ್ತದೆ. ನನ್ನ ಕ್ರಮ ಬೇರೆ.

ಗಾತ್ರ ಮೊದಲು: ಗುಬ್ಬಚ್ಚಿಗಿಂತ ಚಿಕ್ಕದೋ, ಮೈನಾದಷ್ಟೋ, ಕಾಗೆಯಷ್ಟೋ? ಬಳಿಕ ಕೊಕ್ಕು. ಸೂಜಿಯಂತಿದ್ದರೆ ಹುಳು ಹೆಕ್ಕುವ ಉಲಿಯಕ್ಕಿ, ಬುಡ ಅಗಲವಾಗಿದ್ದರೆ ನೊಣಹಿಡುಕ, ತುದಿ ಕೊಕ್ಕೆಯಾಗಿದ್ದು ಕಣ್ಣಿನ ಮೇಲೆ ಕಪ್ಪುಪಟ್ಟಿ ಇದ್ದರೆ ಕಳಿಂಗ (ಶ್ರೈಕ್) ಇರಬಹುದು. ನಂತರ ಮುಖ: ಹುಬ್ಬಿನ ಗೆರೆ ಇದೆಯೋ, ಕಣ್ಣಿನ ಸುತ್ತ ಉಂಗುರವೋ? ಸಮಯ ಉಳಿದರೆ ರೆಕ್ಕೆಯ ಪಟ್ಟಿ, ಬಾಲದ ಅಂಚಿನ ಬಿಳಿ.

ಇಷ್ಟೆಲ್ಲದಕ್ಕಿಂತ ಹೆಚ್ಚು ಹೇಳುವುದು ನಡೆ. ಕುಂಡೆಕುಸ್ಕಗಳು (ವ್ಯಾಗ್‌ಟೇಲ್) ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತವೆ. ಕಾಡು ಕುಂಡೆಕುಸ್ಕ ಮಾತ್ರ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ತೂಗುತ್ತದೆ. ಇದೊಂದನ್ನು ಕಂಡರೆ ಬಣ್ಣ ನೋಡುವ ಅಗತ್ಯವೇ ಇಲ್ಲ. ಕೆಂಪೆದೆಯ ನೊಣಹಿಡುಕ ಬಾಲವನ್ನು ಪಟ್ಟನೆ ಮೇಲೆತ್ತಿ ಬುಡದ ಎರಡೂ ಪಕ್ಕದ ಬಿಳಿ ತೋರಿಸುತ್ತದೆ. ಎಲೆಯಿಂದ ಎಲೆಗೆ ನಿಲ್ಲದೆ ತಡಕುವುದು ಉಲಿಯಕ್ಕಿ. ಒಂದೇ ಕೊಂಬೆಯ ಮೇಲೆ ಕಾದು ಕುಳಿತು, ಹಾರಿ ಹುಳು ಹಿಡಿದು ಮತ್ತೆ ಅಲ್ಲಿಗೇ ಬರುವುದು ನೊಣಹಿಡುಕ. ಹೀಗೆ ಮರಳುವ ಹಕ್ಕಿಯ ಹಿಂದೆ ಓಡಬೇಡಿ, ಕೊಂಬೆಯ ಮೇಲೆ ಬೈನಾಕ್ಯುಲರ್ ಇಟ್ಟು ಕಾಯಿರಿ.

ವಸಂತದಲ್ಲಿ ಇನ್ನೊಂದು ಕೀಟಲೆ ಇದೆ. ಹಕ್ಕಿಗಳು ಬಟ್ಟೆ ಬದಲಿಸುವ ಕಾಲ ಇದು. ಹಳದಿ ಕುಂಡೆಕುಸ್ಕ ಹೊರಡುವ ಮೊದಲು ಗರಿ ಉದುರಿಸಿ ಹೊಸ ಹಳದಿ ತೊಡುತ್ತದೆ. ಫೆಬ್ರವರಿಯ ಮಂಕು ಹಕ್ಕಿಯೇ ಏಪ್ರಿಲಿನ ಬೆಡಗಿನ ಹಕ್ಕಿ ಎಂದು ನಂಬುವುದು ಕಷ್ಟ. ಗುಲಾಬಿ ಕಬ್ಬಕ್ಕಿಯ ಉಪಾಯ ಇನ್ನೂ ಸೊಗಸು: ಅದು ಹೊಸ ಗರಿ ತೊಡುವುದಿಲ್ಲ, ಹಳೆಯ ಗರಿಯ ಮಾಸಲು ತುದಿ ಸವೆದು ಒಳಗಿನ ಗುಲಾಬಿ ಹೊರಬೀಳುತ್ತದೆ. ಸವೆದಷ್ಟೂ ಚೆಲುವು. ಮತ್ತೊಂದು ಎಚ್ಚರಿಕೆ: ಕೆಂಪೆದೆಯ ನೊಣಹಿಡುಕದ ಎಳೆಯ ಗಂಡುಗಳಿಗೆ ಕೊರಳಿನ ಕೆಂಪು ಇರುವುದಿಲ್ಲ, ಹೆಣ್ಣಿನಂತೆಯೇ ಕಾಣುತ್ತವೆ. ಆದ್ದರಿಂದ ಕೆಂಪಿಲ್ಲದ್ದನ್ನೆಲ್ಲ ಹೆಣ್ಣು ಎಂದು ಬರೆಯಬೇಡಿ.

ಹೆಜ್ಜೆ 6: ಕಿವಿ

ಉಲಿಯಕ್ಕಿಗಳ ವಿಷಯದಲ್ಲಿ ಕಣ್ಣು ಬೇಗ ಸೋಲುತ್ತದೆ. ಎಲ್ಲವೂ ಹಸಿರು ಮಿಶ್ರಿತ ಕಂದು, ಎಲ್ಲಕ್ಕೂ ಒಂದು ಹುಬ್ಬು, ಎಲ್ಲವೂ ಎಲೆಯ ಮರೆಯಲ್ಲಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್, ಜನ ಒಂದೇ ಎಂದುಕೊಂಡಿದ್ದ ಸಣ್ಣ ಉಲಿಯಕ್ಕಿಗಳಲ್ಲಿ ಮೂರು ಬೇರೆ ಬೇರೆ ಜಾತಿಗಳಿವೆ ಎಂದು ಕಂಡುಕೊಂಡಿದ್ದು ಮುಖ್ಯವಾಗಿ ಅವುಗಳ ಹಾಡಿನಿಂದ. ಆಗ ಅವನ ಬಳಿ ಇಂದಿನಂಥ ಬೈನಾಕ್ಯುಲರೂ ಇರಲಿಲ್ಲ.

ದಿನಕ್ಕೆ ಒಂದೇ ದನಿ ಕಲಿಯಿರಿ. ಕೇಳಿದ್ದನ್ನು ನಿಮ್ಮದೇ ಅಕ್ಷರಗಳಲ್ಲಿ ಬರೆದುಕೊಳ್ಳಿ: ಎರಡು ಉಸಿರಿನ ‘ಚಿಸ್‌ವಿ’, ನಾಲಿಗೆ ಲೊಟಕರಿಸಿದಂಥ ‘ಟಕ್’. ಬೇರೆಯವರ ಬರವಣಿಗೆಗಿಂತ ಇದು ನಿಮಗೆ ಹೆಚ್ಚು ನೆನಪಿರುತ್ತದೆ. ಹೊರಡುವ ದಿನ ಹತ್ತಿರವಾದಂತೆ ಹಲವು ಹಕ್ಕಿಗಳು, ಗೂಡಿನ ನೆಲ ಇನ್ನೂ ಸಾವಿರಾರು ಕಿಲೋಮೀಟರ್ ದೂರವಿದ್ದರೂ, ಹಾಡಲು ತೊಡಗುತ್ತವೆ. ಚಳಿಗಾಲವಿಡೀ ‘ಟಕ್’ ಎಂದಷ್ಟೇ ಹೇಳುತ್ತಿದ್ದುದು ಒಂದು ಬೆಳಗ್ಗೆ ತೊದಲುತ್ತ ರಾಗ ಹಿಡಿದರೆ, ಅದರ ಗಂಟುಮೂಟೆ ಸಿದ್ಧವಾಗಿದೆ ಎಂದುಕೊಳ್ಳಿ.

ದನಿ ಗುರುತಿಸುವ ಮೊಬೈಲ್ ಆ್ಯಪ್‌ಗಳಿವೆ. ಮರ್ಲಿನ್ ಎಂಬ ಆ್ಯಪ್‌ಗೆ ಈ ಸೌಲಭ್ಯ ಬಂದದ್ದು 2021ರಲ್ಲಿ. ಬಳಸಿ, ಆದರೆ ಪಕ್ಕದ ಮನೆಯ ಉತ್ಸಾಹಿ ಹುಡುಗನ ಮಾತಿನಂತೆ ಬಳಸಿ: ಎಲ್ಲಿ ನೋಡಬೇಕೆಂದು ಅವನು ತೋರಿಸಲಿ, ಏನೆಂದು ನೀವು ತೀರ್ಮಾನಿಸಿ. ಒಮ್ಮೆ ಆ್ಯಪ್ ಗಿಡುಗನ ಹೆಸರು ತೋರಿಸಿತೆಂದು ಅರ್ಧ ಗಂಟೆ ಕತ್ತೆತ್ತಿ ಹುಡುಕಿದೆ. ತಂತಿಯ ಮೇಲೆ ಕುಳಿತ ಕಾಜಾಣವೊಂದು ಗಿಡುಗನ ದನಿ ಅನುಕರಿಸಿ ಮೈನಾಗಳನ್ನು ಬೆದರಿಸುತ್ತಿತ್ತು. ಮೋಸ ಹೋದವರ ಪಟ್ಟಿಯಲ್ಲಿ ಮೈನಾಗಳ ಜೊತೆ ನಾನೂ ಇದ್ದೆ, ಆ್ಯಪೂ ಇತ್ತು.

ಹಕ್ಕಿಯನ್ನು ಹೊರಗೆಳೆಯಲು ಅದರದೇ ದನಿಯ ಧ್ವನಿಮುದ್ರಿಕೆಯನ್ನು ಗಟ್ಟಿಯಾಗಿ ಹಾಕುವ ಚಾಳಿ ಇದೆ. ವಸಂತದಲ್ಲಿ ಇದು ಬೇಡವೇ ಬೇಡ. ದೂರ ಹಾರುವ ಕೆಲವು ಸಣ್ಣ ಹಕ್ಕಿಗಳು ಹೊರಡುವ ಮೊದಲು ಮೈತೂಕವನ್ನು ಹತ್ತಿರ ಹತ್ತಿರ ದುಪ್ಪಟ್ಟು ಮಾಡಿಕೊಳ್ಳುತ್ತವೆ. ಆ ಕೊಬ್ಬೇ ಅವುಗಳ ದಾರಿಖರ್ಚು. ಇಲ್ಲದ ಎದುರಾಳಿಯನ್ನು ಹುಡುಕಿ ಅಲೆಯುವಂತೆ ಮಾಡಿದರೆ ಆ ಖರ್ಚಿಗೇ ಕೈ ಹಾಕಿದಂತೆ. ಫೋಟೋಗಾಗಿ ಪೊದೆಯಿಂದ ಪೊದೆಗೆ ಅಟ್ಟಿಸಿಕೊಂಡು ಹೋಗುವುದಕ್ಕೂ ಇದೇ ಮಾತು.

ಹೆಜ್ಜೆ 7: ನೋಟುಬುಕ್ಕು, ಮತ್ತು ‘ಇಲ್ಲ’ ಎಂದು ಬರೆಯುವುದು

ಪ್ರತಿ ಸುತ್ತಿಗೂ ತಾರೀಖು, ಆರಂಭದ ಹೊತ್ತು, ಮುಗಿದ ಹೊತ್ತು, ಗಾಳಿ, ಮೋಡ. ಬಳಿಕ ಜಾತಿ, ಸಂಖ್ಯೆ, ಎಲ್ಲಿ, ಏನು ಮಾಡುತ್ತಿತ್ತು. ಗುರುತು ಸಿಗದಿದ್ದನ್ನು ಊಹೆಯ ಹೆಸರಿನಿಂದ ಮುಚ್ಚಬೇಡಿ. ‘ಉಲಿಯಕ್ಕಿ, ರೆಕ್ಕೆಯಲ್ಲಿ ಒಂದು ತೆಳು ಪಟ್ಟಿ, ಟಕ್ ಅನ್ನಲಿಲ್ಲ’ ಎಂಬ ಸಾಲು ಆರು ತಿಂಗಳ ನಂತರವೂ ಕೆಲಸಕ್ಕೆ ಬರುತ್ತದೆ, ತಪ್ಪು ಹೆಸರು ಬರುವುದಿಲ್ಲ.

ಮನೆಗೆ ಬಂದು ಇದನ್ನೇ ಇ-ಬರ್ಡ್‌ಗೆ ಏರಿಸಬಹುದು. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ 2002ರಲ್ಲಿ ಆರಂಭಿಸಿದ ಈ ಜಾಲತಾಣದಲ್ಲಿ ಜಗತ್ತಿನ ಎಲ್ಲೆಡೆಯ ವೀಕ್ಷಕರು ಪಟ್ಟಿ ಸೇರಿಸುತ್ತಾರೆ. ಕಂಡ, ಕೇಳಿದ ಎಲ್ಲ ಜಾತಿಗಳನ್ನೂ ಬರೆದಿದ್ದೀರಾ ಎಂದು ಅಲ್ಲಿ ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ ‘ಹೌದು’ ಎನ್ನುವಂತಿರಲಿ ನಿಮ್ಮ ಪಟ್ಟಿ. ಕಾಗೆ, ಪಾರಿವಾಳಗಳನ್ನೂ ಸೇರಿಸಿ. ಆಗ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿ ನಿಜವಾಗಿಯೂ ಕಾಣಲಿಲ್ಲ ಎಂದು ಓದಿದವರಿಗೆ ತಿಳಿಯುತ್ತದೆ.

ಬಂದ ದಿನ ಬರೆಯುವುದು ಸುಲಭ. ನಿನ್ನೆ ಇರಲಿಲ್ಲ, ಇವತ್ತು ಇದೆ. ಕಂಡ ಕ್ಷಣದಲ್ಲೇ ಗೊತ್ತಾಗುತ್ತದೆ, ಸಂತೋಷವೂ ಆಗುತ್ತದೆ. ಹೋದ ದಿನ ಹಾಗಲ್ಲ. ಕೊನೆಯ ಸಲ ನೋಡುವಾಗ ಇದು ಕೊನೆಯ ಸಲ ಎಂದು ಯಾರೂ ಹೇಳುವುದಿಲ್ಲ. ನಮ್ಮ ಪಾರ್ಕಿನ ಹಿಂದಿನ ಬೇಲಿಯ ಮೇಲೆ ಪ್ರತಿ ಚಳಿಗಾಲ ಒಂದು ಕಂದು ಕಳಿಂಗ ಕೂರುತ್ತದೆ. ಈ ಹಕ್ಕಿಗಳು ವರ್ಷ ವರ್ಷವೂ ಅದೇ ಜಾಗಕ್ಕೆ ಮರಳುವುದುಂಟು. ಕಳೆದ ಏಪ್ರಿಲಿನ ಒಂದು ಗುರುವಾರ ಎಂದಿನಂತೆ ‘ಕಂದು ಕಳಿಂಗ, 1, ಬೇಲಿ’ ಎಂದು ಗೀಚಿ ಮುಂದೆ ನಡೆದೆ, ನಿಲ್ಲಲೂ ಇಲ್ಲ. ಶುಕ್ರವಾರ ಕಾಣಲಿಲ್ಲ. ಶನಿವಾರ ಬೇಲಿಯ ಬಳಿ ಕಾಲು ಗಂಟೆ ನಿಂತೆ. ಐದು ಸುತ್ತು ಸತತವಾಗಿ ‘ಕಳಿಂಗ: ಇಲ್ಲ’ ಎಂದು ಬರೆದ ಮೇಲೆ ಹಿಂದಿನ ಪುಟಕ್ಕೆ ಹೋಗಿ ಗುರುವಾರದ ಸಾಲಿನ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ.

ಐದು ಎಂಬುದು ನಾನು ಇಟ್ಟುಕೊಂಡ ಲೆಕ್ಕ. ದಿನ ಬಿಟ್ಟು ದಿನ ಹೋಗುವವರು ಮೂರಕ್ಕೆ ಇಳಿಸಿಕೊಳ್ಳಬಹುದು. ಪ್ರತಿ ವಲಸೆ ಜಾತಿಗೂ ನೋಟುಬುಕ್ಕಿನ ಹಿಂಬದಿಯಲ್ಲಿ ಒಂದೊಂದು ಸಾಲು ಮೀಸಲಿಡಿ: ಹೆಸರು, ಕೊನೆಗೆ ಕಂಡ ದಿನ, ಅದರ ಮುಂದೆ ಮರಳಿ ಬರುವ ದಿನಕ್ಕಾಗಿ ಒಂದು ಖಾಲಿ ಜಾಗ. ಕಳಿಂಗದ್ದು ಆಗಸ್ಟ್ ಕೊನೆಗೋ ಸೆಪ್ಟೆಂಬರಿನಲ್ಲೋ ತುಂಬುತ್ತದೆ.